ಮದುವೆಯಾಗಿಲ್ಲ, ಮಗುವನ್ನು ದತ್ತು ಕೊಡಬೇಕು. ಪೊಲೀಸ್ ಕೇಸ್ ಆಗುತ್ತಾ?

ವಯಸ್ಸು 22, ಏಳು ತಿಂಗಳ ಗರ್ಭಿಣಿ, ಮನೆಯಲ್ಲಿ ಗೊತ್ತಿಲ್ಲ, ಸಾಕುವ ಸ್ಥಿತಿಯಲ್ಲಿಲ್ಲ ಅಂತ ಬರೆದಿದ್ದೀರಿ. ನರ್ಸಿಂಗ್ ಹೋಮ್ ಆಯಾ ಒಬ್ಬರು 'ಮಕ್ಕಳಿಲ್ಲದ ಒಳ್ಳೆ ದಂಪತಿ ಇದ್ದಾರೆ, ಹೆರಿಗೆ ಖರ್ಚು ಅವರದೇ' ಅಂದರಂತೆ. ಮೊದಲು ಅದನ್ನು ಮುಗಿಸೋಣ. ಬೇಡ. ದಂಪತಿ ನಿಜಕ್ಕೂ ಒಳ್ಳೆಯವರೇ ಇರಬಹುದು. ಆದರೆ ದುಡ್ಡು ಕೈ ಬದಲಾದರೆ ಕಾನೂನಿನ ಕಣ್ಣಿಗೆ ಅದು ಮಗು ಮಾರಾಟ. 5 ವರ್ಷದವರೆಗೆ ಜೈಲು, 1 ಲಕ್ಷ ದಂಡ. ಆಸ್ಪತ್ರೆಯವರೇ ಸೇರಿಕೊಂಡಿದ್ದರೆ ಅವರಿಗೆ 3ರಿಂದ 7 ವರ್ಷ. ಸಾಲದ್ದಕ್ಕೆ ಇಂಥ ಕಡೆ ಜನನ ಪ್ರಮಾಣಪತ್ರವನ್ನು ಆ ದಂಪತಿ ಹೆಸರಿಗೇ ಮಾಡಿಸಿಬಿಡ್ತಾರೆ. ಮಗುವಿನ ಮೊದಲ ಕಾಗದವೇ ಸುಳ್ಳು.

ಕೇಸ್ ವಿಷಯ. ನೀವು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ (ಪ್ರತಿ ಜಿಲ್ಲೆಯಲ್ಲೂ ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಸರ್ಕಾರಿ ಸಮಿತಿ) ಮುಂದೆ ಹೋಗಿ ಒಪ್ಪಿಸಿದರೆ ಅದು ಅಪರಾಧವೇ ಅಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 35ನೇ ಕಲಂ ಇರುವುದೇ ಇದಕ್ಕೆ. ಮಗುವನ್ನು ಪೊದೆ, ಬಸ್ ಸ್ಟ್ಯಾಂಡ್ ಅಂತ ಎಲ್ಲೋ ಬಿಟ್ಟು ಹೋಗುವುದು ಮಾತ್ರ ಅಪರಾಧ. ಅದಕ್ಕೆ 7 ವರ್ಷದವರೆಗೆ ಶಿಕ್ಷೆ ಇದೆ. (18 ತುಂಬದ ಹುಡುಗಿಯಾದರೆ ಲೆಕ್ಕ ಬೇರೆ, ಅಲ್ಲಿ ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ, ಬರುತ್ತದೆ.)

ನಾನು ಜಿಲ್ಲಾಸ್ಪತ್ರೆಯೊಂದರಲ್ಲಿ ಸಮಾಲೋಚಕಿ. ನಿಮ್ಮಂಥವರ ಜೊತೆ ಸಮಿತಿ ಮುಂದೆ ಕೂತು ಅಭ್ಯಾಸ ಇದೆ. ಕೋರ್ಟ್ ಥರ ಇರುತ್ತೆ ಅಂತ ಹೆದರಬೇಡಿ. ನಮ್ಮಲ್ಲಿ ಅದು ಬಾಲಮಂದಿರದ ಕಾಂಪೌಂಡಿನೊಳಗಿನ ಒಂದು ಕೋಣೆ. ಒಂದು ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಕಿಟಕಿಯಾಚೆ ಮಕ್ಕಳ ಗಲಾಟೆ. ಯಾಕೆ, ಏನು, ಬೇರೆ ದಾರಿ ಇಲ್ವಾ ಅಂತ ಕೇಳ್ತಾರೆ. ಕೆಲವು ಸದಸ್ಯರು ಸುಮ್ನೆ ಬುದ್ಧಿವಾದಕ್ಕೂ ಇಳಿಯುತ್ತಾರೆ, ಅದನ್ನು ಒಂದು ಕಿವಿಯಲ್ಲಿ ಕೇಳಿ ಬಿಡಿ. ಮನೆಯಲ್ಲಿ ಸಕ್ಕರೆ ಕಾಯಿಲೆ, ಫಿಟ್ಸ್ ಏನಾದ್ರೂ ಇದೆಯಾ ಅಂತ ಕೇಳಿದಾಗ ಮಾತ್ರ ಸರಿಯಾಗಿ ಹೇಳಿ, ಆ ಮಾಹಿತಿ ಮಗುವಿನ ಫೈಲಿಗೆ ಹೋಗುತ್ತದೆ. ಒಬ್ಬ ಹುಡುಗಿ ಸಹಿ ಹಾಕಿ ಬಾಗಿಲವರೆಗೆ ಹೋದವಳು ತಿರುಗಿ ಬಂದು, 'ನಮ್ಮಜ್ಜಿಗೆ ಉಬ್ಬಸ ಇತ್ತು, ಅದನ್ನೂ ಬರ್ಕೊಳ್ಳಿ ಮೇಡಂ' ಅಂದಳು.

ಸರೆಂಡರ್ ಡೀಡ್‌ಗೆ (ಮಗುವನ್ನು ಒಪ್ಪಿಸುವ ಪತ್ರ) ಮದುವೆಯಾದವರಾದರೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಬೇಕು. ನಿಮಗೆ ಹುಡುಗನ ಸಹಿ ಬೇಕಿಲ್ಲ. ನಿಮ್ಮ ಹೆಸರನ್ನು ಸಮಿತಿ ಬಹಿರಂಗ ಮಾಡುವ ಹಾಗಿಲ್ಲ.

ಸಹಿ ಹಾಕಿದ ದಿನವೇ ಎಲ್ಲ ಮುಗಿಯುವುದಿಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಿ. ಮತ್ತೆ ಯೋಚಿಸಲು ಎರಡು ತಿಂಗಳು ಕೊಡ್ತಾರೆ. ಅಷ್ಟರೊಳಗೆ ಮನಸ್ಸು ಬದಲಾದರೆ ಸಮಿತಿಗೆ ಹೋಗಿ ಮಗು ವಾಪಸ್ ಬೇಕು ಅಂತ ಕೇಳಬಹುದು. ವಿಚಾರಿಸಿ ಕೊಡ್ತಾರೆ. ಅಲ್ಲಿಯವರೆಗೆ ಮಗು ವಿಶೇಷ ದತ್ತು ಕೇಂದ್ರದಲ್ಲಿರುತ್ತದೆ. ಗಡುವು ಮುಗಿದ ಮೇಲೆ ಹಕ್ಕು ಉಳಿಯುವುದಿಲ್ಲ. ಆಮೇಲೆ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದ ಪೋರ್ಟಲ್‌ನಲ್ಲಿ ನೋಂದಾಯಿಸಿ ಕಾಯುತ್ತಿರುವವರಿಗೆ ಸರದಿಯಂತೆ ಮಗು ಹೋಗುತ್ತದೆ, ಕೊನೆಯ ಆದೇಶ ಜಿಲ್ಲಾಧಿಕಾರಿಯದು. ಯಾವ ಮನೆ ಅಂತ ನೀವು ಆರಿಸುವಂತಿಲ್ಲ, ಎಲ್ಲಿದೆ ಅಂತ ನಿಮಗೆ ಹೇಳುವುದೂ ಇಲ್ಲ. ಇದು ಕಷ್ಟ, ಮೊದಲೇ ಗೊತ್ತಿರಲಿ.

ಹೆಸರು ಹೇಳದೆ ಮಗುವನ್ನು ಬಿಟ್ಟು ಹೋಗಲು ಇಡುವ ತೊಟ್ಟಿಲಿನ ಬಗ್ಗೆಯೂ ಕೇಳಿದ್ದೀರಿ. 1992ರಲ್ಲಿ ತಮಿಳುನಾಡಿನ ಸೇಲಂನಲ್ಲಿ ಶುರುವಾದದ್ದು ಅದು, ಹೆಣ್ಣು ಶಿಶುಗಳನ್ನು ಕೊಲ್ಲುತ್ತಿದ್ದ ಕಾಲದಲ್ಲಿ. ಆಮೇಲೆ ಕೇರಳದಲ್ಲಿ ಅಮ್ಮ ತೊಟ್ಟಿಲು ಬಂತು, ನಮ್ಮಲ್ಲೂ ಕೆಲವು ಕಡೆ ಇಟ್ಟಿದ್ದಾರೆ. ಪೊದೆಗಿಂತ ಸಾವಿರ ಪಾಲು ಮೇಲು, ಅನುಮಾನ ಬೇಡ. ಆದರೆ ಹಾಗೆ ಬಂದ ಮಗುವಿನ ಫೈಲಿನಲ್ಲಿ ತಾಯಿಯದು ಒಂದು ಸಾಲೂ ಇರುವುದಿಲ್ಲ. ನಾನಾದರೆ ಸಮಿತಿಯ ದಾರಿಯನ್ನೇ ಹೇಳುತ್ತೇನೆ.

ಮನೆಯವರು ಕೈಬಿಟ್ಟು, ಮಗುವನ್ನು ನೀವೇ ಸಾಕಲು ದುಡ್ಡೊಂದೇ ತೊಡಕಾದರೆ, ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಇದೆ. ಆದಾಯ ಮಿತಿ, ಅರ್ಜಿ ಎಲ್ಲ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ಈ ವಾರ ಎರಡೇ ಕೆಲಸ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ನಿಮ್ಮ ಜಿಲ್ಲೆಯ ಸಮಿತಿ ಎಲ್ಲಿ ಕೂರುತ್ತದೆ ಕೇಳಿ, ಕರೆ ಉಚಿತ. ಸರ್ಕಾರಿ ಆಸ್ಪತ್ರೆಗೆ ಹೋಗಿ ತಾಯಿ ಕಾರ್ಡ್ (ಗರ್ಭಿಣಿಯ ತಪಾಸಣೆ ದಾಖಲಿಸುವ ಕಾರ್ಡ್) ಮಾಡಿಸಿ. ಏಳು ತಿಂಗಳಾದರೂ ಒಂದು ಸ್ಕ್ಯಾನಿಂಗ್ ಕೂಡ ಆಗಿಲ್ಲ ಅಂದಿದ್ದೀರಲ್ಲ, ನನಗೆ ಕಾನೂನಿಗಿಂತ ಜಾಸ್ತಿ ಭಯ ಅದರದ್ದು. ರಕ್ತ ಕಡಿಮೆ ಇದ್ದರೆ, ಬಿಪಿ ಏರಿದ್ದರೆ ಈಗಲೇ ಗೊತ್ತಾಗಬೇಕು.