ದಾವಣಗೆರೆಯಲ್ಲಿದ್ದುಕೊಂಡೇ ಆಕ್ವಾ ಏರೋಬಿಕ್ಸ್ ಟೀಚರ್ ಆಗಬಹುದಾ?

ನೀವು ದಾವಣಗೆರೆಯಲ್ಲಿ ಜುಂಬಾ ಕ್ಲಾಸ್ ನಡೆಸುತ್ತಿದ್ದೀರಿ, ಈಜು ಅಷ್ಟಕ್ಕಷ್ಟೆ. ಈಗ ಈಜುಕೊಳದಲ್ಲಿ ಹೆಂಗಸರಿಗೆ ವ್ಯಾಯಾಮ ಹೇಳಿಕೊಡೋಣ ಅಂತಿದ್ದೀರಿ, ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಅದು ಆಮೇಲೆ. ಮೊದಲು ಎರಡು ಮೂರು ತಿಂಗಳು ನೀವೇ ನೀರಿಗಿಳಿಯಿರಿ.

ಯಾಕೆ ಅಂದ್ರೆ, ಈ ಕೆಲಸ ಮಾಡೋದು ಹೆಚ್ಚಾಗಿ ದಡದ ಮೇಲೆ ನಿಂತು. ಕಲಿಯುವವರು ಎದೆಮಟ್ಟದ ನೀರಲ್ಲಿ, ನಾವು ಒಣ ನೆಲದಲ್ಲಿ. ನಾನೂ ಏರೋಬಿಕ್ಸ್‌ನಿಂದಲೇ ಬಂದವಳು. ಮೊದಲ ದಿನ ಒಂಬತ್ತು ಜನ ಬಂದಿದ್ದರು, ಮುಕ್ಕಾಲು ಪಾಲು ಮಂಡಿನೋವಿನವರು. ಹಾಲ್‌ನಲ್ಲಿ ಹೇಳುವ ವೇಗದಲ್ಲೇ ಒನ್ ಟೂ ತ್ರೀ ಶುರು ಮಾಡಿದೆ. ಅವರು ಒಂದು ಮಂಡಿ ಎತ್ತುವಷ್ಟರಲ್ಲಿ ನಾನು ನಾಲ್ಕನೇದಕ್ಕೆ ಹೋಗಿರುತ್ತಿದ್ದೆ. ಕೊನೆಗೆ ಒಬ್ಬ ದೊಡ್ಡಮ್ಮ ಸೊಂಟಕ್ಕೆ ಕೈ ಇಟ್ಟು ನಿಂತೇಬಿಟ್ಟರು. ‘ಅಲ್ಲವ್ವಾ, ನೀನು ಗಾಳ್ಯಾಗೆ ಕುಣೀತಿದೀಯ. ಒಂದ್ಸಲ ಇಲ್ಲಿ ಇಳಿದು ತೋರ್ಸು’ ಅಂದರು. ಇಳಿದೆ. ಎರಡೇ ನಿಮಿಷಕ್ಕೆ ಏದುಸಿರು.

ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಅದರಲ್ಲಿ ಕೈಕಾಲಿನ ವೇಗ ಎರಡರಷ್ಟು ಮಾಡಿದರೆ ಎದುರಿನ ಒತ್ತಡ ನಾಲ್ಕರಷ್ಟಾಗುತ್ತದೆ. ಹಾಗಾಗಿ ಹಾಡು ಎಷ್ಟೇ ಜೋರಿರಲಿ, ದಡದ ಮೇಲೆ ನೀವು ಅರ್ಧ ವೇಗದಲ್ಲಿ, ನೀರು ಹಿಡಿದೆಳೆಯುತ್ತಿದೆ ಅನ್ನೋ ಹಾಗೆ ಮಾಡಿ ತೋರಿಸಬೇಕು. ಒಂಥರಾ ನಾಟಕವೇ ಅನ್ನಿ.

ಡಂಬೆಲ್ ವಿಷಯದಲ್ಲೂ ಹೀಗೇ ಏಮಾರುತ್ತೇವೆ. ಕಬ್ಬಿಣದ್ದನ್ನು ಎತ್ತೋದು ಕಷ್ಟ. ನೀರಲ್ಲಿ ಬಳಸುವ ಫೋಮ್ ಡಂಬೆಲ್ ತಾನೇ ಮೇಲಕ್ಕೆ ಬರುತ್ತೆ, ಕೆಳಗೆ ಒತ್ತೋದು ಕಷ್ಟ. ಖಾಲಿ ಚೊಂಬನ್ನು ಬೋರಲು ಹಿಡಿದು ಬಕೆಟ್ ನೀರಿಗೆ ಒತ್ತಿ ನೋಡಿ, ತೋಳಿನ ಹಿಂಭಾಗ ಬಿಗಿಯುತ್ತೆ. ಜಿಮ್‌ನಲ್ಲಿ ತೋಳಿನ ಮುಂಭಾಗಕ್ಕೆ ಅಂತ ಹೇಳಿಕೊಡುವ ಅದೇ ಚಲನೆ ಇಲ್ಲಿ ಹಿಂಭಾಗಕ್ಕೆ ಹೋಗುತ್ತದೆ. ನಿಜ ಹೇಳಬೇಕೆಂದರೆ ಡಂಬೆಲ್ ಇಲ್ಲದಿದ್ದರೂ ನಡೆಯುತ್ತೆ. ಅಂಗೈಯನ್ನು ಚಾಕುವಿನ ಹಾಗೆ ಅಡ್ಡ ಮಾಡಿ ನೀರು ಸೀಳಿದರೆ ಹಗುರ, ಮುಷ್ಟಿ ಹಿಡಿದರೆ ಸ್ವಲ್ಪ ಭಾರ, ಅಂಗೈ ಅಗಲಿಸಿ ತಳ್ಳಿದರೆ ಪೂರಾ ಭಾರ. ಈ ಮೂರರಲ್ಲೇ ಮೂವತ್ತರವರನ್ನೂ ಎಪ್ಪತ್ತರವರನ್ನೂ ಒಂದೇ ಕ್ಲಾಸಲ್ಲಿ ಸುಧಾರಿಸಿದ್ದೇನೆ.

ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಮೈಭಾರ ಹೆಚ್ಚುಕಡಿಮೆ ಅರ್ಧ, ಎದೆವರೆಗಿದ್ದರೆ ಇನ್ನೂ ಕಡಿಮೆ. ಮಂಡಿನೋವಿನವರು ಬರೋದು ಅದಕ್ಕೇ. ಆದರೆ ನೀರಲ್ಲಿ ನಾಡಿಬಡಿತವೂ ಕಡಿಮೆ ಇರುತ್ತೆ, ಜುಂಬಾದ ಲೆಕ್ಕ ಹಿಡಿಯಬೇಡಿ. ಮಾತಾಡಿಸುತ್ತಾ ಇರಿ, ಉಸಿರು ಕಟ್ಟದೆ ಉತ್ತರ ಕೊಟ್ಟರೆ ಸರಿ.

ಈಜು ‘ಅಷ್ಟಕ್ಕಷ್ಟೆ’ ಅಂದಿರಲ್ಲ, ಅದು ಸಾಲದು. ಮುಳುಗುತ್ತಿರುವವರನ್ನು ದಡಕ್ಕೆ ತರುವಷ್ಟು ಬರಬೇಕು. ಲೈಫ್‌ಗಾರ್ಡ್ ಇಲ್ಲದ ಹೊತ್ತಲ್ಲಿ ಕ್ಲಾಸ್ ಬೇಡವೇ ಬೇಡ. ಸೇಂಟ್ ಜಾನ್ ಆಂಬುಲೆನ್ಸ್ ಅಥವಾ ರೆಡ್ ಕ್ರಾಸ್‌ನವರ ಪ್ರಥಮ ಚಿಕಿತ್ಸೆ ತರಬೇತಿ ತಗೊಳ್ಳಿ. ಹೃದಯಬಡಿತ ನಿಂತವರ ಎದೆ ಒತ್ತೋದು ನಿಮಿಷಕ್ಕೆ 100ರಿಂದ 120 ಸಲ ಅನ್ನೋದು ಎಲ್ಲರಿಗೂ ಗೊತ್ತು. ನೀರಲ್ಲಿ ಮುಳುಗಿದವರಿಗೆ ಬಾಯಿಂದ ಉಸಿರು ಕೊಡೋದೂ ಅಷ್ಟೇ ಮುಖ್ಯ. ಇದನ್ನು ವಿಡಿಯೋ ನೋಡಿ ಕಲಿಯೋಕಾಗಲ್ಲ.

ಇನ್ನು ಸರ್ಟಿಫಿಕೇಟ್. ಅಮೆರಿಕದ ಆಕ್ವಾಟಿಕ್ ಎಕ್ಸರ್‌ಸೈಜ್ ಅಸೋಸಿಯೇಷನ್ ಅಂತ ಇದೆ. ಅವರ ಪುಸ್ತಕ ಇಂಗ್ಲಿಷಲ್ಲಿದೆ, ಪರೀಕ್ಷೆ ಆನ್‌ಲೈನ್‌ನಲ್ಲೇ ಬರೆಯಬಹುದು. ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋರ್ಸ್ ಮಾಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಈಜು ಕೋಚ್ ಆಗುವವರಿಗೆ. ದಾರಿಯೇ ಬೇರೆ.

ಎರಡನೇ ತಿಂಗಳಿಗೇ ನನ್ನ ಗಂಟಲು ಕೂತುಹೋಯಿತು. ಕೊಳದ ಹತ್ತಿರ ಕೂಗಿದ್ದು ಅರ್ಧಕ್ಕರ್ಧ ಕೇಳಿಸಲ್ಲ. ಈಗ ಎಲ್ಲಾ ಕೈಸನ್ನೆ, ಎಣಿಕೆ ಬೆರಳಲ್ಲಿ. ಸ್ಪೀಕರ್ ಬ್ಯಾಟರಿಯದ್ದೇ ಇರಲಿ, ವೈರ್ ಎಳೆಯಬೇಡಿ. ಕಾಲ ಕೆಳಗೆ ರಬ್ಬರ್ ಮ್ಯಾಟ್ ಹಾಕಿಕೊಳ್ಳಿ. ನಾನು ಜಾರಿ ಬಿದ್ದ ಮೇಲೆ ತಂದೆ.

ಬಟ್ಟೆ ಬಗ್ಗೆ ಮೊದಲೇ ಹೇಳಿಬಿಡಿ. ಕಾಟನ್ ಚೂಡಿದಾರ್ ನೆನೆದರೆ ಮೈಗೆ ಕಲ್ಲು ಕಟ್ಟಿದ ಹಾಗೆ. ಮೈತುಂಬಾ ಮುಚ್ಚುವ ನೈಲಾನ್ ಡ್ರೆಸ್ ಸಿಗುತ್ತೆ. ಸೇರೋಕೆ ಬಂದವರಲ್ಲಿ ಅರ್ಧ ಜನ ವಾಪಸ್ ಹೋಗೋದು ನೀರಿನ ಭಯಕ್ಕಲ್ಲ, ಈ ಬಟ್ಟೆ ಸಂಕೋಚಕ್ಕೆ. ಹೆಂಗಸರಿಗೇ ಬೇರೆ ಹೊತ್ತು ಕೊಡಿ ಅಂತ ಕೊಳದವರನ್ನು ಕೇಳಿ.

ಏಪ್ರಿಲ್ ಮೇನಲ್ಲಿ ಶುರು ಮಾಡೋಕೆ ಹೋಗಬೇಡಿ, ಬೇಸಿಗೆ ಶಿಬಿರದ ಮಕ್ಕಳಿಂದ ಕೊಳ ತುಂಬಿರುತ್ತೆ. ಡಿಸೆಂಬರ್‌ನಲ್ಲಿ ಬೆಳಗ್ಗೆ ಆರಕ್ಕೂ ಬೇಡ. ಈ ವ್ಯಾಯಾಮಕ್ಕೆ ನೀರು 28ರಿಂದ 30 ಡಿಗ್ರಿ ಇದ್ದರೆ ಚೆನ್ನ, ಅದಕ್ಕಿಂತ ತಣ್ಣಗಿದ್ದರೆ ವಯಸ್ಸಾದವರು ಹತ್ತೇ ನಿಮಿಷಕ್ಕೆ ನಡುಗುತ್ತಾರೆ. ನಾವು ಚಳಿಗಾಲದಲ್ಲಿ ಹನ್ನೊಂದು ಗಂಟೆಗೆ ಇಳಿಯುತ್ತೇವೆ. ಮುಗಿಸಿ ಎಲ್ಲರೂ ಬೆಣ್ಣೆ ದೋಸೆಗೆ ಹೋಗುತ್ತಾರೆ, ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ.