ಒತ್ತಿದ್ದು ಒಂದು ಬಟನ್, ಓಡಿದ್ದು ಪಕ್ಕದ್ದು

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕವಿದೆ. ಯಂತ್ರದ ಟಚ್ ಸ್ಕ್ರೀನಿನಲ್ಲಿ ಈಚೆಗೆ ಒಂದು ಬಟನ್ ಒತ್ತಿದರೆ ಅದರ ಮೇಲಿನದು ಕೆಲಸ ಮಾಡುತ್ತಿದೆ. ಮೊಬೈಲಿನಲ್ಲಿರುವಂಥ ಸ್ಕ್ರೀನ್ ಹಾಕಿಸಬಹುದೇ? ಎಮರ್ಜೆನ್ಸಿ ಸ್ಟಾಪನ್ನೂ ಅದರೊಳಗೇ ಸೇರಿಸಿದರೆ ವೈರಿಂಗ್ ಉಳಿಯುತ್ತದೆಯಂತೆ, ನಿಜವೇ? ಅಕ್ಷರಗಳು ಕನ್ನಡದಲ್ಲಿ ಬರಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎಮರ್ಜೆನ್ಸಿ ಸ್ಟಾಪನ್ನು ಸ್ಕ್ರೀನಿನೊಳಗೆ ಸೇರಿಸಲೇಬೇಡಿ. ಯಂತ್ರವನ್ನು ನಡೆಸುವುದು ಪ್ಯಾನೆಲ್ ಪೆಟ್ಟಿಗೆಯೊಳಗಿನ ಪಿಎಲ್‌ಸಿ ಎಂಬ ಪುಟ್ಟ ನಿಯಂತ್ರಕ ಕಂಪ್ಯೂಟರೇ ಹೊರತು ಸ್ಕ್ರೀನ್ ಅಲ್ಲ. ಸ್ಕ್ರೀನ್ ನಿಮ್ಮ ಬೆರಳಿನ ಆಜ್ಞೆಯನ್ನು ಒಂದು ಕೇಬಲ್ ಮೂಲಕ ಅದಕ್ಕೆ ತಲುಪಿಸುತ್ತದೆ, ಅಷ್ಟೆ. ಸ್ಕ್ರೀನ್ ಹ್ಯಾಂಗ್ ಆದರೆ ಅಥವಾ ಆ ಕೇಬಲ್ ಸಡಿಲವಾದರೆ, ಕೈ ಸಿಕ್ಕಿಕೊಂಡವನು ಎಷ್ಟು ಒತ್ತಿದರೂ ಯಂತ್ರ ನಿಲ್ಲುವುದಿಲ್ಲ. ಹಳದಿ ಹಿನ್ನೆಲೆಯ ಮೇಲಿನ ಕೆಂಪು ಅಣಬೆಯಾಕಾರದ ಬಟನ್ ಹಾಗಲ್ಲ: ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುವ ಅದರ ಕಾಂಟ್ಯಾಕ್ಟ್ ಒತ್ತಿದೊಡನೆ ತೆರೆದುಕೊಂಡು ಸುರಕ್ಷತಾ ಸರ್ಕ್ಯೂಟನ್ನು ನೇರವಾಗಿ ಕಡಿಯುತ್ತದೆ, ಆದ್ದರಿಂದ ಅದರ ವೈರ್ ತುಂಡಾದರೂ ಯಂತ್ರ ನಿಲ್ಲುತ್ತದೆ. ಉಳಿಯುವುದು ಕೆಲವು ಮೀಟರ್ ವೈರ್ ಮಾತ್ರ. ಅಂಥ ಉಳಿತಾಯ ಯಾರಿಗೂ ಬೇಡ.

ಇನ್ನು ಸ್ಪರ್ಶ ಜಾರಿರುವ ವಿಚಾರ. ಕಾರ್ಖಾನೆಯ ಸ್ಕ್ರೀನುಗಳಲ್ಲಿ ಹೆಚ್ಚಿನವು ರೆಸಿಸ್ಟಿವ್ ಬಗೆಯವು. ಕೂದಲೆಳೆಯಷ್ಟು ಅಂತರದಲ್ಲಿರುವ ಎರಡು ಪಾರದರ್ಶಕ ಪದರಗಳು ಒತ್ತಿದಾಗ ಒಂದಕ್ಕೊಂದು ತಾಗುತ್ತವೆ, ತಾಗಿದ ಜಾಗದ ವೋಲ್ಟೇಜನ್ನು ಅಳೆದು ಬೆರಳು ಎಲ್ಲಿದೆಯೆಂದು ಲೆಕ್ಕ ಹಾಕಲಾಗುತ್ತದೆ. ಪದರದ ಲೇಪನ ವರ್ಷಗಟ್ಟಲೆ ಸವೆದಂತೆ ಈ ಲೆಕ್ಕ ತಪ್ಪುತ್ತದೆ. ಮೋಟಾರ್ ಮತ್ತು ಹೀಟರ್ ಆಫ್ ಮಾಡಿ, ಸ್ಕ್ರೀನಿನ ಸೆಟ್ಟಿಂಗ್ ಮೆನುವಿನಲ್ಲಿರುವ ಟಚ್ ಕ್ಯಾಲಿಬ್ರೇಶನ್ ತೆರೆದು, ಕಾಣಿಸುವ ಗುರುತುಗಳನ್ನು ಮೊಂಡು ತುದಿಯ ಕಡ್ಡಿಯಿಂದ ಒಂದೊಂದಾಗಿ ಒತ್ತಿ; ಅನೇಕ ವೇಳೆ ಇಷ್ಟಕ್ಕೇ ಸರಿಹೋಗುತ್ತದೆ. ಆದರೆ ಆಪರೇಟರ್ ದಿನವಿಡೀ ಒತ್ತುವ ಜಾಗ ಬೆಳಕಿಗೆ ಓರೆಯಾಗಿ ನೋಡಿದಾಗ ಮಸುಕಾಗಿ ಕಂಡು, ಅಲ್ಲಿ ಮಾತ್ರ ತಪ್ಪುತ್ತಿದ್ದರೆ, ಆ ಪದರ ಸವೆದಿದೆ ಎಂದರ್ಥ. ಆಗ ಪ್ರೋಗ್ರಾಮಿನ ಬ್ಯಾಕಪ್ ತೆಗೆದಿಟ್ಟುಕೊಂಡ ಮೇಲೆ ಟಚ್ ಗಾಜನ್ನಷ್ಟೇ ಬದಲಾಯಿಸಲಾಗುವುದೇ ಎಂದು ವಿಚಾರಿಸಿ.

ಮೊಬೈಲಿನ ಕೆಪಾಸಿಟಿವ್ ಸ್ಕ್ರೀನ್ ನೋಡಲು ಚೆಂದ, ಆದರೆ ಸಾಮಾನ್ಯ ಕೈಗವಸು ತೊಟ್ಟ ಬೆರಳನ್ನು ಅದು ಗುರುತಿಸದು. ಕೈಗವಸಿಗೂ ಸ್ಪಂದಿಸುವ ಕೈಗಾರಿಕಾ ಮಾದರಿಗಳು ಇವೆಯಾದರೂ, ಬಿಸಿ ಅಚ್ಚಿನ ಎದುರು ನಿಲ್ಲುವವರಿಗೆ ರೆಸಿಸ್ಟಿವ್ ಸ್ಕ್ರೀನೇ ಸಾಕೆಂದು ನನ್ನ ಅಭಿಪ್ರಾಯ.

ಕನ್ನಡ ಖಂಡಿತ ಬೇಕು, ಬರಿಸಲೂ ಬಹುದು. ಆದರೆ ಕೆಲವು ಸ್ಕ್ರೀನುಗಳಿಗೆ ಒತ್ತಕ್ಷರ ಜೋಡಿಸಲು ಬಾರದೆ 'ಒತ್ತಡ' ಎಂಬುದು 'ಒತ್‌ತಡ' ಎಂದು ಒಡೆದು ಕಾಣುತ್ತದೆ. ಅಂಥ ಕಡೆ ಪದಗಳನ್ನು ಕಂಪ್ಯೂಟರಿನಲ್ಲಿ ಚಿತ್ರಗಳಾಗಿ ಮಾಡಿ ಬಟನ್ ಮೇಲೆ ಕೂರಿಸಿ, ಬದಲಾಗುವ ಅಂಕಿಗಳಿಗೆ ಪಕ್ಕದಲ್ಲಿ ಬೇರೆ ಜಾಗ ಬಿಡಬೇಕು. ಹಣ ಕೊಡುವ ಮುನ್ನ ಕನ್ನಡದ ಪುಟಗಳನ್ನು ಲ್ಯಾಪ್‌ಟಾಪಿನಲ್ಲಲ್ಲ, ಯಂತ್ರದ ಸ್ಕ್ರೀನಿನ ಮೇಲೆಯೇ ತೋರಿಸುವಂತೆ ಕೇಳಿ.