ಕಳೆಯ ಕಥೆ ಕಾಲುವೆಯ ಬಾಯಿಯಿಂದ ಆರಂಭವಾಗಲಿ

ಮಾನ್ಯರೇ,

ನೀವು ಕಳುಹಿಸಿದ ‘ಕೆರೆಗೆ ನುಗ್ಗಿದ ಪರದೇಶಿ ಶತ್ರು’ ಲೇಖನವನ್ನು ಎರಡು ಬಾರಿ ಓದಿದೆ. ಬೆಂಗಳೂರಿನ ಅಂಚಿನಲ್ಲಿರುವ ನಿಮ್ಮ ಊರ ಕೆರೆಯನ್ನು ವಾಟರ್ ಹಯಸಿಂತ್ ಎಂಬ ತೇಲುವ ಕಳೆ ಆವರಿಸಿಕೊಂಡ ಬಗೆಯನ್ನೂ, ಅಲ್ಲಿನ ಬಲೆಗೆ ಈಗ ಹೆಚ್ಚಾಗಿ ಆಫ್ರಿಕನ್ ಕ್ಯಾಟ್‌ಫಿಶ್ ಬೀಳುತ್ತಿರುವುದನ್ನೂ ಕಳಕಳಿಯಿಂದ ಬರೆದಿದ್ದೀರಿ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ದೋಷವಿರುವುದು ಭಾಷೆಯಲ್ಲಲ್ಲ, ಕಾರಣಗಳನ್ನು ಜೋಡಿಸಿದ ಕ್ರಮದಲ್ಲಿ. ಆರು ಪುಟಗಳ ಬರಹದಲ್ಲಿ ಕೊಳಚೆ ನೀರಿನ ಮಾತು ಬರುವುದು ಕೊನೆಯ ಪುಟದಲ್ಲಿ, ಅದೂ ‘ಇದರ ಜೊತೆಗೆ ಮಾಲಿನ್ಯವೂ ಸೇರಿಕೊಂಡಿದೆ’ ಎಂಬ ಒಂದೇ ವಾಕ್ಯದಲ್ಲಿ.

ದಕ್ಷಿಣ ಅಮೆರಿಕದ ಈ ಗಿಡ ನಮ್ಮ ದೇಶಕ್ಕೆ ಬಂದು ನೂರು ವರ್ಷಗಳ ಮೇಲಾಯಿತು. ನಿಮ್ಮ ಕೆರೆಯಲ್ಲಿ ಅದು ದಡದಿಂದ ದಡಕ್ಕೆ ಹಬ್ಬಿದ್ದು, ನೀವೇ ಹೇಳುವಂತೆ, ಬಡಾವಣೆಗಳ ಕೊಳಚೆ ನೀರು ರಾಜಕಾಲುವೆಗೆ ಸೇರಿದ ಮೇಲೆ. ಆ ನೀರಿನಲ್ಲಿ ಮಲಮೂತ್ರದ ಸಾರಜನಕವೂ ಸೋಪಿನ ಪುಡಿಯ ರಂಜಕವೂ ಇರುತ್ತವೆ. ರೈತರು ಹೊಲಕ್ಕೆ ದುಡ್ಡು ಕೊಟ್ಟು ಹಾಕುವ ಗೊಬ್ಬರದ ಸತ್ವವೂ ಇವೇ. ಮಣ್ಣಿನ ಹಂಗಿಲ್ಲದೆ ತೇಲುತ್ತಲೇ ನೀರಿನಿಂದ ಆಹಾರ ಹೀರುವ ಈ ಗಿಡ, ಇಷ್ಟು ಸತ್ವವೂ ಬೆಚ್ಚನೆಯ ಹವೆಯೂ ಸಿಕ್ಕಾಗ, ಒಂದೆರಡು ವಾರಗಳಲ್ಲೇ ಇಮ್ಮಡಿಯಾಗಬಲ್ಲದು. ಅದೇ ಕೊಳಚೆಯಿಂದ ನೀರು ಕದಡಿ, ತಳದಲ್ಲಿ ಬೆಳೆಯುವ ಸ್ಥಳೀಯ ಜಲಸಸ್ಯಗಳಿಗೆ ಬೆಳಕು ಸಿಗದೆ ಅವು ಸಾಯುತ್ತವೆ. ಎಲೆಯನ್ನು ನೀರಿನ ಮೇಲೆ ಹರಡುವ ಹಯಸಿಂತ್‌ಗೆ ಆ ಕದಡಿನ ಬಾಧೆಯೇ ಇಲ್ಲ. ಹೀಗೆ ಕೊಳಚೆಯು ಬಂದವರಿಗೆ ಅನ್ನವಿಟ್ಟು, ಇದ್ದವರನ್ನು ಒಕ್ಕಲೆಬ್ಬಿಸುತ್ತದೆ. ನಿಮ್ಮ ಲೇಖನದ ಬೆನ್ನೆಲುಬು ಆಗಬೇಕಾದುದು ಈ ವಿಷಯ.

ಮೀನಿನ ವಿಷಯದಲ್ಲಿಯೂ ಇದೇ ಎಳೆ ಇದೆ, ನೀವು ಅದನ್ನು ಹಿಡಿಯಲಿಲ್ಲ. ಕ್ಯಾಟ್‌ಫಿಶ್ ‘ರಾಕ್ಷಸನಂತೆ ಎಲ್ಲವನ್ನೂ ತಿಂದುಹಾಕಿತು’ ಎಂದಿದ್ದೀರಿ. ಅದು ಹೊಟ್ಟೆಬಾಕ ಮೀನೆಂಬುದು ನಿಜ, ಅದರ ಸಾಕಣೆಯನ್ನು ಸರ್ಕಾರ 2000ರಲ್ಲಿಯೇ ನಿಷೇಧಿಸಿರುವುದೂ ನಿಜ. ಆದರೆ ಕೊಳೆಯುವ ತ್ಯಾಜ್ಯವು ನೀರಿನಲ್ಲಿರುವ ಆಮ್ಲಜನಕವನ್ನು ಮುಗಿಸಿದಾಗ ಕಟ್ಲಾ, ರೋಹುವಿನಂಥ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಕ್ಯಾಟ್‌ಫಿಶ್‌ಗೆ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವಿರುವುದರಿಂದ, ಅದು ಮೇಲೆ ಬಂದು ಗುಟುಕು ಗಾಳಿ ಹೀರಿ ಮತ್ತೆ ತಳಕ್ಕಿಳಿಯುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದಲ್ಲಿ ರಾಶಿಬಿದ್ದ ಸತ್ತ ಮೀನುಗಳನ್ನು ನೀವು ಪ್ರಸ್ತಾಪಿಸಿದ್ದೀರಿ. ಅದನ್ನು ಬರಿಯ ಶೋಕದ ಚಿತ್ರವಾಗಿ ಬಿಡದೆ, ಅಂಥ ನೀರಿನಲ್ಲಿ ಯಾವ ಮೀನು ಬದುಕುಳಿಯಬಲ್ಲದು ಎಂಬ ಪ್ರಶ್ನೆಗೆ ಜೋಡಿಸಿ. ಹಾಗೆಂದು ಮಾಲಿನ್ಯವೇ ಈ ಮೀನನ್ನು ತಂದಿತು ಎಂದು ಬರೆಯಬೇಡಿ. ತಂದವರು ಸಾಕಣೆದಾರರು, ಕೊಳಚೆ ಅದಕ್ಕೆ ಜಾಗ ತೆರವು ಮಾಡಿಕೊಟ್ಟಿತು, ಅಷ್ಟೆ.

ಪರಿಹಾರದ ಭಾಗವನ್ನು ಪೂರ್ತಿ ತಿದ್ದಬೇಕು. ಹಯಸಿಂತ್ ತಿನ್ನುವ ಮೂತಿಹುಳುಗಳನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಬಿಟ್ಟು ಒಳ್ಳೆಯ ಫಲ ಕಂಡದ್ದುಂಟು. ಆದರೆ ಕೊಳಚೆ ತುಂಬಿದ ನೀರಿನಲ್ಲಿ ಹುಳು ತಿಂದದ್ದಕ್ಕಿಂತ ವೇಗವಾಗಿ ಗಿಡ ಚಿಗುರುತ್ತದೆ. ಕಿತ್ತ ಕಳೆಯನ್ನು ಏರಿಯ ಮೇಲೆ ರಾಶಿ ಹಾಕಿದರೆ, ಕೊಳೆತ ರಸ ಮೊದಲ ಮಳೆಗೇ ಕೆರೆಗಿಳಿದು ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಎರೆಗೊಬ್ಬರ ಮಾಡಿ ತರಕಾರಿಗೆ ಹಾಕಬಹುದೆಂಬ ನಿಮ್ಮ ಸಲಹೆ ಅಪಾಯಕಾರಿ: ಕಾರ್ಖಾನೆಯ ನೀರು ಸೇರುವ ಕೆರೆಯಲ್ಲಿ ಈ ಗಿಡ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನೂ ಹೀರಿಕೊಂಡಿರುತ್ತದೆ. ಪರೀಕ್ಷೆಯ ಮಾತಿಲ್ಲದೆ ಆ ಸಾಲನ್ನು ಅಚ್ಚು ಮಾಡಲಾರೆ. ಕೊಳಚೆಯನ್ನೇ ಶುದ್ಧಗೊಳಿಸುವ ದಾರಿ ಕಾಣಲು ಬೆಂಗಳೂರಿನ ಜಕ್ಕೂರು ಕೆರೆಗೆ ಹೋಗಿ ಬನ್ನಿ. ಅಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಆಪು ಮೊದಲಾದ ಸಸ್ಯಗಳಿರುವ ಜೌಗುಪ್ರದೇಶವನ್ನು ಹಾದು ಕೆರೆ ಸೇರುವುದನ್ನು ಕಣ್ಣಾರೆ ಕಾಣಬಹುದು.

‘ಪರದೇಶಿ’, ‘ಶತ್ರು’, ‘ದಾಳಿ’ ಎಂಬ ಪದಗಳನ್ನು ತೆಗೆದುಬಿಡಿ. ನಮ್ಮ ಅಡುಗೆಮನೆಯ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದಲೇ ಬಂದದ್ದು. ಗಿಡವನ್ನು ಬೈಯುತ್ತಾ ಹೋದಂತೆ ಓದುಗನ ಗಮನ ಕೊಳಚೆ ತರುವ ಕೊಳವೆಯ ಕಡೆಯಿಂದ ತಪ್ಪಿಹೋಗುತ್ತದೆ.

ನಿಮ್ಮ ಬರಹದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ನಾಲ್ಕನೆಯ ಪುಟದ ಮೀನುಗಾರ. ತೆಪ್ಪದಿಂದ ಬಾಗಿ ಎರಡು ಗಿಡ ಕಿತ್ತು ತೋರಿಸಿ, ‘ಕಾಲುವೆ ಕಡೇದು ಸೊಂಟದುದ್ದ ಬೆಳೀತದೆ, ಬೇರು ಗೇಣೂ ಇಲ್ಲ, ಕೋಡಿ ಕಡೇದು ಗಿಡ್ಡ, ಬೇರು ಮಾತ್ರ ಮೊಳದುದ್ದ’ ಎನ್ನುತ್ತಾನೆ. ನೀವು ಅದನ್ನು ದಾಖಲಿಸಿ ಮುಂದೆ ಹೋಗಿದ್ದೀರಿ. ಸತ್ವ ಹೇರಳವಾಗಿರುವಲ್ಲಿ ಗಿಡ ಬೇರಿಗೆ ಶ್ರಮ ಹಾಕದೆ ಎಲೆಯನ್ನು ಬೆಳೆಸುತ್ತದೆ, ಕೊರತೆಯಿರುವಲ್ಲಿ ಆಹಾರ ಹುಡುಕಿ ಬೇರನ್ನು ಉದ್ದ ಮಾಡುತ್ತದೆ. ಕೊಳಚೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಆತ ಎರಡು ಗಿಡಗಳಲ್ಲಿ ಓದಿ ಹೇಳಿದ್ದಾನೆ. ಲೇಖನವನ್ನು ಆ ತೆಪ್ಪದಲ್ಲಿ ಆರಂಭಿಸಿ. ಸಾಧ್ಯವಾದರೆ ಇನ್ನೊಮ್ಮೆ ಆತನೊಂದಿಗೆ ಹೋಗಿ, ಕಾಲುವೆಯ ಬಾಯಿಯಿಂದ ಕೋಡಿಯವರೆಗೆ ಹತ್ತು ಕಡೆ ಗಿಡ ಕಿತ್ತು, ಬೇರು ಅಳೆದು ಬರೆದುಕೊಂಡು ಬನ್ನಿ. ಆ ಅಳತೆಗಳೊಂದಿಗೆ ತಿದ್ದಿದ ಪ್ರತಿಯನ್ನು ನನಗೇ ಕಳುಹಿಸಿ.

ಇಂತಿ,
ಸಂಪಾದಕ